ನೂರು ಅಂಕದ ವೀರ, ಹನ್ನೊಂದು ಪ್ರಶಸ್ತಿಯ ತಂಡ

ಮೊನ್ನೆ ಶನಿವಾರ ಏಳನೇ ಕ್ಲಾಸಿನ ನನ್ನ ಮೊಮ್ಮಗ ಶಾಲೆಯಿಂದ ಬಂದವನೇ ಬೂಟು ಬಿಚ್ಚಿ ಮೂಲೆಗೆ ಎಸೆದ. "ನಾನಿನ್ನು ಬ್ಯಾಸ್ಕೆಟ್‌ಬಾಲ್‌ಗೆ ಹೋಗಲ್ಲ ತಾತ. ಮೊದಲ ಐದು ಜನರಲ್ಲಿ ಸರ್ ನನ್ನನ್ನ ಸೇರಿಸಲೇ ಇಲ್ಲ. ಬೆಂಚಿನ ಮೇಲೆ ಕೂರಿಸಿದ್ರು" ಎಂದ. ಕಣ್ಣಲ್ಲಿ ನೀರು.

ಅವನು ಹಾಲು ಕುಡಿದು ಮುಗಿಸುವವರೆಗೆ ಸುಮ್ಮನಿದ್ದೆ. ಆಮೇಲೆ, "ನಿನ್ನ ಆಟದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರಪ್ಪಾ?" ಎಂದು ಕೇಳಿದೆ. "ಜೋರ್ಡನ್!" ಎಂದ ತಟ್ಟನೆ. "ನನ್ನ ಪ್ರಕಾರ ಒಬ್ಬರಲ್ಲ, ಒಂದು ತಂಡ. ಅಮೆರಿಕದ ಬೋಸ್ಟನ್ ಸೆಲ್ಟಿಕ್ಸ್" ಎಂದೆ. ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

1962ರ ಮಾರ್ಚ್ 2ರಂದು ಅಮೆರಿಕದ ಹರ್ಷಿ ಎಂಬ ಊರಿನಲ್ಲಿ, ಫಿಲಡೆಲ್ಫಿಯಾ ತಂಡದ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ ಒಬ್ಬರೇ 100 ಅಂಕ ಗಳಿಸಿದರು. ಎನ್‌ಬಿಎ ಲೀಗಿನಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಆ ಋತುವಿನಲ್ಲಿ ಅವರ ಸರಾಸರಿಯೇ ಪಂದ್ಯಕ್ಕೆ 50ಕ್ಕೂ ಹೆಚ್ಚು! ಹಾಗಾದರೆ ಪ್ರಶಸ್ತಿ ಅವರ ತಂಡಕ್ಕೇ ಬಂದಿರಬೇಕಲ್ಲವೆ? ಇಲ್ಲ. ಏಳು ಪಂದ್ಯಗಳ ಸರಣಿಯಲ್ಲಿ ಅವರನ್ನು ಸೋಲಿಸಿ ಮುಂದೆ ಹೋದದ್ದು ಬೋಸ್ಟನ್. ಪ್ರಶಸ್ತಿಯೂ ಬೋಸ್ಟನ್ನಿಗೇ.

1957ರಿಂದ 1969ರವರೆಗಿನ 13 ಋತುಗಳಲ್ಲಿ ಈ ತಂಡ 11 ಸಲ ಗೆದ್ದಿತು. 1959ರಿಂದ 1966ರವರೆಗೆ ಸತತ ಎಂಟು ಸಲ. ಆದರೂ ಆ ವರ್ಷಗಳಲ್ಲಿ ಒಮ್ಮೆಯೂ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಬೋಸ್ಟನ್ನಿನವರಾಗಿರಲಿಲ್ಲ.

ಗುಟ್ಟೇನು? ಬಾಬ್ ಕೂಸಿ ಚೆಂಡು ಒದಗಿಸುವುದರಲ್ಲಿ ನಿಪುಣ. ಬಿಲ್ ರಸೆಲ್ ಎದುರಾಳಿಯ ಎಸೆತವನ್ನು ತಡೆಯುವಾಗ ಚೆಂಡನ್ನು ಪ್ರೇಕ್ಷಕರತ್ತ ಬಾರಿಸಿ ಚಪ್ಪಾಳೆ ಗಿಟ್ಟಿಸುತ್ತಿರಲಿಲ್ಲ. ಮೆಲ್ಲಗೆ ತಟ್ಟಿ ತಮ್ಮವರ ಕೈಗೆ ಸೇರಿಸುತ್ತಿದ್ದರು. ತರಬೇತುದಾರ ರೆಡ್ ಆವರ್‌ಬ್ಯಾಕ್ ಒಬ್ಬ ಒಳ್ಳೆಯ ಆಟಗಾರನನ್ನು ಬೇಕೆಂದೇ ಬೆಂಚಿನಲ್ಲಿ ಕೂರಿಸುತ್ತಿದ್ದರು. ಎದುರಾಳಿಗಳು ದಣಿದಾಗ ಆ ಆರನೆಯವನು ತಾಜಾ ಕಾಲುಗಳೊಂದಿಗೆ ನುಗ್ಗುತ್ತಿದ್ದ. ಮೊದಲು ಫ್ರಾಂಕ್ ರಾಮ್ಸೆ, ಆಮೇಲೆ ಜಾನ್ ಹ್ಯಾವ್ಲಿಚೆಕ್. ಹೀಗೆ ಬೆಂಚಿನಿಂದ ಎದ್ದು ಬಂದ ಹ್ಯಾವ್ಲಿಚೆಕ್ಕೇ ಮುಂದೆ ಆ ತಂಡದ ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಾದರು!

1969ರ ಫೈನಲ್ ಇನ್ನೂ ಸ್ವಾರಸ್ಯ. ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಅಲ್ಲಿ ಚೇಂಬರ್ಲೇನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಮೂವರೂ ತಾರೆಗಳು. ಗೆಲುವು ಖಚಿತವೆಂದು ಕ್ರೀಡಾಂಗಣದ ಚಾವಣಿಗೆ ಬಲೂನುಗಳನ್ನೂ ಕಟ್ಟಿದ್ದರು. ಬೋಸ್ಟನ್ 108-106ರಿಂದ ಗೆದ್ದಿತು. ಫೈನಲ್ಲಿನ ಶ್ರೇಷ್ಠ ಆಟಗಾರ ಎಂಬ ಬಹುಮಾನ ಸೋತ ತಂಡದ ವೆಸ್ಟ್ ಅವರಿಗೆ ಸಿಕ್ಕಿತು. ಪ್ರಶಸ್ತಿ ಮಾತ್ರ ಬೋಸ್ಟನ್ನಿಗೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಬೇಗ ಅರ್ಥವಾಯಿತು. ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಮ್ಮಲ್ಲಿ ಯಾರೂ ಮನೆಗೆ ಹೊರಡುತ್ತಿರಲಿಲ್ಲ. "ನನ್ನ ಲೆಡ್ಜರ್ ಸರಿಯಾಗಿದೆ" ಎಂದರೆ ಸಾಲದು. ಪಕ್ಕದವನ ತಪ್ಪನ್ನೂ ಕೂತು ಹುಡುಕಬೇಕಿತ್ತು.

ಮೊಮ್ಮಗ ಎಲ್ಲ ಕೇಳಿ, "ಆದ್ರೂ ಬೆಂಚಿನಲ್ಲಿ ಕೂತ್ರೆ ಬೇಜಾರಾಗುತ್ತೆ ತಾತ" ಎಂದ. "ಆಗುತ್ತೆ ಕಣೋ" ಎಂದೆ. ಆಮೇಲೆ ಅವನು ಮೆಲ್ಲಗೆ ಹೇಳಿದ: "ನೀವೂ ಪ್ರತಿಸಲ ಅದನ್ನೇ ಅಲ್ವಾ ಕೇಳೋದು, ಎಷ್ಟು ಪಾಯಿಂಟ್ ಹೊಡೆದೆ ಅಂತ?"

ನನ್ನ ಬಾಯಿ ಕಟ್ಟಿತು. ಅವನು ಹೇಳಿದ್ದು ನಿಜ. ಬೋಸ್ಟನ್ನಿನ ಕಥೆ ಹೇಳಿದ ನಾನೇ ಆ ಪಾಠ ಕಲಿತಿರಲಿಲ್ಲ. ಅಜ್ಜ-ಅಜ್ಜಿಯರೇ, ನೀವೂ ಹಾಗೆ ಕೇಳುತ್ತಿದ್ದರೆ ಇವತ್ತಿಗೇ ಬಿಟ್ಟುಬಿಡಿ.

ಸೋಮವಾರ ಅವನು ಆಟಕ್ಕೆ ಹೋದ. ಆವತ್ತೂ ಬೆಂಚೇ, ಕೊನೆಯ ಆರು ನಿಮಿಷ ಮಾತ್ರ ಆಡಿದನಂತೆ. ಮನೆಗೆ ಬಂದಾಗ ಕೇಳಿದೆ: "ಯಾರಿಗೆ ಪಾಸ್ ಕೊಟ್ಟೆ ಇವತ್ತು?" ಊಟ ಮುಗಿಯುವವರೆಗೂ ಅವನ ಮಾತು ನಿಲ್ಲಲಿಲ್ಲ.