ಇಳಿಜಾರು ತೋಟಗಳಲ್ಲಿ ಸಣ್ಣ ಟ್ರ್ಯಾಕ್ಟರಿನ ಸುರಕ್ಷಿತ ಬಳಕೆ: ತೋಟದ ಮಾಲೀಕರು ಹಾಗೂ ಚಾಲಕರಿಗೆ ಮಾಹಿತಿ

ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಸಣ್ಣ ಟ್ರ್ಯಾಕ್ಟರುಗಳ ಬಳಕೆ ಸಾಮಾನ್ಯವಾಗಿದೆ. ಬೆಂಗಳೂರಿಗೂ ಇಂತಹ ಯಂತ್ರಗಳಿಗೂ ಹಳೆಯ ನಂಟಿದೆ. 1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸಂಸ್ಥೆಯು ಜಪಾನಿನ ಮಿತ್ಸುಬಿಷಿ ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ ನಗರದ ಪೂರ್ವ ಭಾಗದ ಮಹದೇವಪುರದಲ್ಲಿ ಪವರ್ ಟಿಲ್ಲರುಗಳನ್ನು ತಯಾರಿಸಿತು. ಕಂಟೋನ್ಮೆಂಟಿನ ರಿಚರ್ಡ್ಸ್ ಟೌನ್‌ನಂತಹ ಬಡಾವಣೆಗಳಲ್ಲಿ ನೆಲೆಸಿ, ಆಗಾಗ ಮಾತ್ರ ತೋಟಕ್ಕೆ ಹೋಗಿಬರುವ ಮಾಲೀಕರು ನಗರದ ಮಳಿಗೆಯ ಸಮತಟ್ಟಾದ ಅಂಗಳದಲ್ಲಿ ಟ್ರ್ಯಾಕ್ಟರನ್ನು ಪರೀಕ್ಷಿಸಿ ಖರೀದಿಸುವುದುಂಟು. ಆದರೆ ಯಂತ್ರವು ದುಡಿಯುವುದು ಇಳಿಜಾರಿನಲ್ಲಿ. ಅದರ ಆಸನದಲ್ಲಿ ಕುಳಿತುಕೊಳ್ಳುವವರು ಚಾಲಕರು. ಆದುದರಿಂದ ಖರೀದಿಯ ಸಮಯದಲ್ಲಿಯೇ ನಿರ್ಧರಿಸಬೇಕಾದ ಕೆಲವು ಅಂಶಗಳನ್ನು ಮಾಲೀಕರು ಚಾಲಕರ ಅನುಭವಕ್ಕೆ ಬಿಟ್ಟುಬಿಡುವುದು ಸರಿಯಲ್ಲ.

ಟ್ರ್ಯಾಕ್ಟರು ಮಗುಚಲು ಕಾರಣ

ಗಿಡಗಳ ಸಾಲಿನ ನಡುವೆ ನುಸುಳಲೆಂದೇ ಸಣ್ಣ ಟ್ರ್ಯಾಕ್ಟರಿನ ಅಗಲವನ್ನು ಕಡಿಮೆ ಇಡಲಾಗಿರುತ್ತದೆ. ಇಳಿಜಾರಿನಲ್ಲಿ ಅಪಾಯ ತರುವುದೂ ಇದೇ ಕಿರಿದಾದ ಅಗಲ. ಉದಾಹರಣೆಗೆ, ಹಿಂದಿನ ಗಾಲಿಗಳ ಹೊರ ಅಂಚುಗಳ ನಡುವೆ 90 ಸೆಂ.ಮೀ. ಅಂತರವಿದ್ದು, ಯಂತ್ರದ ಗುರುತ್ವ ಕೇಂದ್ರವು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ ಎಂದು ಭಾವಿಸೋಣ. ಲೆಕ್ಕದ ಪ್ರಕಾರ ಈ ಯಂತ್ರವು ಪಕ್ಕಕ್ಕೆ ಸುಮಾರು 37 ಡಿಗ್ರಿ ವಾಲಿದಾಗ ಮಗುಚುತ್ತದೆ. ತೋಟದಲ್ಲಿ ಅಷ್ಟು ಕಡಿದಾದ ಜಾಗದಲ್ಲಿ ಯಾರೂ ಓಡಿಸುವುದಿಲ್ಲವೆಂಬ ಧೈರ್ಯ ಇಲ್ಲಿ ಮೂಡಬಹುದು. ಆದರೆ ಈ ಲೆಕ್ಕವು ನುಣುಪಾದ ನೆಲದ ಮೇಲೆ ನಿಂತಿರುವ ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ.

ಅದೇ ಯಂತ್ರವು 15 ಡಿಗ್ರಿ ಇಳಿಜಾರಿನಲ್ಲಿ ಅಡ್ಡಲಾಗಿ ಸಾಗುತ್ತಿರುವಾಗ ಮೇಲ್ಬದಿಯ ಗಾಲಿಯು 15 ಸೆಂ.ಮೀ. ಎತ್ತರದ ಕಲ್ಲು ಅಥವಾ ಬೇರಿನ ಮೇಲೆ ಏರಿದರೆ ವಾಲುವಿಕೆಗೆ 9 ಡಿಗ್ರಿಗೂ ಹೆಚ್ಚು ಸೇರುತ್ತದೆ. ಅದೇ ಕ್ಷಣದಲ್ಲಿ ಕೆಳಬದಿಯ ಗಾಲಿಯು ಅಷ್ಟೇ ಆಳದ ಗುಂಡಿಗೆ ಇಳಿದರೆ ಒಟ್ಟು ವಾಲುವಿಕೆ 33 ಡಿಗ್ರಿಯನ್ನು ಮೀರುತ್ತದೆ. ಕಾಫಿ ತೋಟಗಳಲ್ಲಿ ತೇವಾಂಶ ಕಾಪಾಡಲು ಇಳಿಜಾರಿಗೆ ಅಡ್ಡಲಾಗಿ ತೆಗೆದಿರುವ ತೊಟ್ಟಿಲು ಗುಂಡಿಗಳು ತರಗೆಲೆಯಿಂದ ಮುಚ್ಚಿಹೋಗಿ ಚಾಲಕರ ಕಣ್ಣಿಗೆ ಬೀಳುವುದಿಲ್ಲ. ಇದಲ್ಲದೆ, ಮುಂದಿನ ಅಚ್ಚು ನಡುವಿನ ಕೀಲಿನ ಮೇಲೆ ಎರಡೂ ಬದಿಗೆ ಆಡುವುದರಿಂದ, ವಾಲುವಿಕೆಯ ಆರಂಭದಲ್ಲಿ ಟ್ರ್ಯಾಕ್ಟರಿಗೆ ಮೂರು ಕಾಲಿನ ಮಣೆಯಷ್ಟೇ ಆಸರೆ ಇರುತ್ತದೆ.

ಅರ್ಧ ತುಂಬಿದ ಸಿಂಪರಣಾ ತೊಟ್ಟಿಯೂ ಇಷ್ಟೇ ಅಪಾಯಕಾರಿ. ಬೋರ್ಡೊ ದ್ರಾವಣವು ತಗ್ಗಿನ ಬದಿಗೆ ಹರಿದು ನಿಂತು, ಭಾರವನ್ನು ಅದೇ ಬದಿಗೆ ಎಳೆಯುತ್ತದೆ.

ಇಳಿಜಾರನ್ನು ಅಳೆಯುವ ವಿಧಾನ

ಒಂದು ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು ಮೇಲ್ಬದಿಯ ನೆಲಕ್ಕೆ ಇಟ್ಟು, ಗಾರೆ ಕೆಲಸದವರ ಲೆವೆಲ್ ಪಟ್ಟಿಯ ಸಹಾಯದಿಂದ ಹಲಗೆಯನ್ನು ಸಮಮಟ್ಟದಲ್ಲಿ ಹಿಡಿಯಬೇಕು. ಇನ್ನೊಂದು ತುದಿಯಿಂದ ನೆಲಕ್ಕೆ ಇರುವ ಎತ್ತರ 27 ಸೆಂ.ಮೀ. ಇದ್ದಲ್ಲಿ ಇಳಿಜಾರು ಸುಮಾರು 15 ಡಿಗ್ರಿ ಎಂದು ತಿಳಿಯುವುದು. ಶೇಕಡಾವಾರು ಇಳಿಜಾರನ್ನು ಡಿಗ್ರಿಯೆಂದು ತಪ್ಪಾಗಿ ಭಾವಿಸುವವರು ಅನೇಕರು, ಶೇ. 30ರ ಇಳಿಜಾರು 17 ಡಿಗ್ರಿಯಷ್ಟೇ ಆಗುತ್ತದೆ. ತಯಾರಕರ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿಯನ್ನು ನಮೂದಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು. ಮಿತಿಯೇ ಇಲ್ಲದಿದ್ದಲ್ಲಿ 15 ಡಿಗ್ರಿಗಿಂತ ಕಡಿದಾದ ಕಡೆ ಅಡ್ಡಲಾಗಿ ಓಡಿಸುವುದನ್ನು ಕೈಬಿಡುವುದು ಒಳಿತು. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೋಟದ ರಸ್ತೆಗೆ ಈ ಮಿತಿಯೂ ಹೆಚ್ಚೇ. ಮಾಲೀಕರು ತೋಟದಲ್ಲಿ ಒಂದು ದಿನ ಓಡಾಡಿ, ಟ್ರ್ಯಾಕ್ಟರು ಹೋಗಕೂಡದ ಜಾಗಗಳಿಗೆ ಬಣ್ಣದ ಗೂಟ ನೆಡಿಸಿದರೆ ಚಾಲಕರು ಪ್ರತಿ ಬಾರಿಯೂ ಊಹಿಸುವ ಅಗತ್ಯವಿರುವುದಿಲ್ಲ.

ಹತ್ತುವಾಗ ಮತ್ತು ಇಳಿಯುವಾಗ

ಸಾಧ್ಯವಾದಷ್ಟೂ ನೇರವಾಗಿ ಮೇಲಕ್ಕೆ ಅಥವಾ ಕೆಳಕ್ಕೆ ಚಲಿಸುವುದು. ಇಳಿಯುವ ಮೊದಲೇ ಕಡಿಮೆ ಗೇರನ್ನು ಆರಿಸಿಕೊಳ್ಳಬೇಕು. ಇಳಿಯುತ್ತಿರುವಾಗ ಕ್ಲಚ್ ಒತ್ತುವುದಾಗಲಿ, ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದಾಗಲಿ ಕೂಡದು. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಬ್ರೇಕುಗಳು ಹಿಂದಿನ ಗಾಲಿಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಇಳಿಜಾರಿನಲ್ಲಿ ಭಾರವು ಮುಂದಕ್ಕೆ ಸರಿಯುವುದರಿಂದ ಹಿಂದಿನ ಗಾಲಿಗಳ ಹಿಡಿತ ತಪ್ಪಿ, ಬ್ರೇಕು ಸರಿಯಿದ್ದರೂ ಯಂತ್ರ ಜಾರುತ್ತದೆ. ನಾಲ್ಕು ಗಾಲಿ ಚಾಲನೆಯ ಯಂತ್ರವಾದಲ್ಲಿ ಹತ್ತುವಾಗ ಮಾತ್ರವಲ್ಲದೆ ಇಳಿಯುವಾಗಲೂ ಅದನ್ನು ಜೋಡಿಸಿರಬೇಕು. ಆಗ ಎಂಜಿನ್ನಿನ ತಡೆ ನಾಲ್ಕೂ ಗಾಲಿಗಳಿಗೆ ಸಿಗುತ್ತದೆ. ಎಡ ಮತ್ತು ಬಲ ಬ್ರೇಕ್ ಪೆಡಲುಗಳನ್ನು ಚಿಲಕದಿಂದ ಒಂದುಗೂಡಿಸದೆ ತೋಟದ ರಸ್ತೆಗೆ ಇಳಿಯಬಾರದು.

ಮುಂದಿನ ಗಾಲಿಗಳು ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುವುದು ಒಂದೆರಡು ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ. ಸಿಲ್ವರ್ ಓಕ್ ದಿಮ್ಮಿಯನ್ನು ಎಳೆಯುವಾಗ ಸರಪಳಿಯನ್ನು ಹಿಂದಿನ ಅಚ್ಚಿಗೆ ಅಥವಾ ಅದಕ್ಕಿಂತ ಮೇಲೆ ಕಟ್ಟುವುದೇ ಇದಕ್ಕೆ ಮುಖ್ಯ ಕಾರಣ. ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಮಾತ್ರ ಕಟ್ಟತಕ್ಕದ್ದು. ತಿರುಗಿಸಲೇಬೇಕಾದಲ್ಲಿ ನಿಧಾನವಾಗಿ, ಕೆಳಬದಿಗೆ, ಉಪಕರಣವನ್ನು ನೆಲಕ್ಕೆ ಹತ್ತಿರವಿಟ್ಟು ತಿರುಗಿಸುವುದು. ಕಾಲುವೆ ಅಥವಾ ದರೆಯ ಅಂಚಿನಿಂದ ಅದರ ಆಳದಷ್ಟಾದರೂ ದೂರವಿರಬೇಕು.

ಹಣ್ಣು ಸಾಗಿಸುವ ಕಾಲದಲ್ಲಿ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ನೀಡುವ ಪದ್ಧತಿಯು ಟ್ರೇಲರಿಗೆ ಹೆಚ್ಚು ಮೂಟೆ ಹೇರಿ ವೇಗವಾಗಿ ಓಡಿಸಲು ಪ್ರಚೋದಿಸುತ್ತದೆ. ದಿನಗೂಲಿಯಿಂದ ಆಗುವ ಅಲ್ಪ ಹೆಚ್ಚುವರಿ ವೆಚ್ಚವನ್ನು ಯಂತ್ರದ ಬೆಲೆಯೊಂದಿಗೆ ಹೋಲಿಸಿ ನೋಡಿದರೂ ಟ್ರಿಪ್ ಲೆಕ್ಕ ಲಾಭದಾಯಕವಲ್ಲ.

ರಕ್ಷಣಾ ಚೌಕಟ್ಟು ಮತ್ತು ಸೀಟ್ ಬೆಲ್ಟ್

ಮಗುಚಿದಾಗ ಚಾಲಕರ ಮೇಲೆ ಯಂತ್ರದ ಭಾರ ಬೀಳದಂತೆ ತಡೆಯುವ ಉಕ್ಕಿನ ಚೌಕಟ್ಟನ್ನು ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯಗೊಳಿಸಿತು; ನಂತರದ ವರ್ಷಗಳಲ್ಲಿ ಅಲ್ಲಿ ಮಗುಚುವಿಕೆಯಿಂದಾಗುವ ಸಾವುಗಳು ಗಣನೀಯವಾಗಿ ಇಳಿದವು. ಚೌಕಟ್ಟಿದ್ದು ಬೆಲ್ಟ್ ಕಟ್ಟದಿದ್ದರೆ ಚಾಲಕರು ಹೊರಗೆಸೆಯಲ್ಪಟ್ಟು ಅದೇ ಚೌಕಟ್ಟಿನಡಿ ಸಿಲುಕಬಹುದು. ನೆರಳು ಮರಗಳ ಕೊಂಬೆ ತಾಗುವುದೆಂದು ಚೌಕಟ್ಟನ್ನು ಮಡಚಿದ್ದಲ್ಲಿ ಬೆಲ್ಟ್ ಧರಿಸಬಾರದು. ಆ ಜಾಗ ದಾಟಿದ ಕೂಡಲೇ ಚೌಕಟ್ಟನ್ನು ಎತ್ತಿ ನಿಲ್ಲಿಸಿ ಬೆಲ್ಟ್ ಕಟ್ಟಿಕೊಳ್ಳಬೇಕು. ಮಡ್‌ಗಾರ್ಡಿನ ಮೇಲೆ ಕುಳಿತವರಿಗೆ ಈ ರಕ್ಷಣೆ ಇರುವುದಿಲ್ಲ. ಆದುದರಿಂದ ಚಾಲಕರ ಹೊರತು ಬೇರೆಯವರನ್ನು ಹತ್ತಿಸಿಕೊಳ್ಳಕೂಡದು.

ಖರೀದಿಸುವವರು ಮಾರಾಟಗಾರರಿಂದ ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬಹುದು. ಗುರುತ್ವ ಕೇಂದ್ರದ ಎತ್ತರ ಹಾಗೂ ಗಾಲಿಗಳ ಅಂತರವನ್ನು ಅದರಲ್ಲಿ ನೋಡಬೇಕು. ಗಾಲಿಗಳ ಅಂತರವನ್ನು ಹೆಚ್ಚಿಸಲು ಅವಕಾಶವಿದ್ದಲ್ಲಿ, ಸಾಲಿನ ಅಗಲ ಅನುಮತಿಸುವಷ್ಟು ಹೆಚ್ಚಿಸಿಯೇ ಯಂತ್ರವನ್ನು ತೋಟಕ್ಕೆ ಕಳುಹಿಸುವುದು.

ಅಪಘಾತ ಸಂಭವಿಸಿದಲ್ಲಿ ಎಂಜಿನ್ ನಿಲ್ಲಿಸಿ, ಯಂತ್ರವು ಮತ್ತೆ ಉರುಳದಂತೆ ಕಲ್ಲು ಕೊಟ್ಟು, 108ಕ್ಕೆ ಕರೆ ಮಾಡತಕ್ಕದ್ದು. ತೋಟದಲ್ಲಿ ಮೊಬೈಲ್ ಸಂಪರ್ಕ ಸಿಗುವ ಜಾಗ ಹಾಗೂ ಆಂಬುಲೆನ್ಸ್ ಬರಬಹುದಾದ ಗೇಟು ಯಾವುವೆಂಬುದು ಚಾಲಕರಿಗೂ ಮೇಸ್ತ್ರಿಗೂ ಮೊದಲೇ ತಿಳಿದಿರಬೇಕು. ಹೆಚ್ಚಿನ ಮಾಹಿತಿಗಾಗಿ ತೋಟವಿರುವ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.