ಗೋಡೆಗೊಂದು ನಡುಕಟ್ಟು: ಭೂಕಂಪ ಸುರಕ್ಷಿತ ಮನೆ ನಿರ್ಮಾಣ ಕುರಿತು ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಭೂಮಿ ಕಂಪಿಸಿತು. ಗಣೇಶ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ್ದ ಜನ ಗಾಢ ನಿದ್ರೆಯಲ್ಲಿದ್ದರು. ಕಂಪನದ ಪ್ರಮಾಣ ಸುಮಾರು 6.2. ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರ. ಗಡಿಯ ಈಚೆಗೆ ಬೀದರ್, ಕಲಬುರಗಿ ಜಿಲ್ಲೆಗಳ ಗ್ರಾಮಗಳಿಗೂ ಅದರ ಬಿಸಿ ತಟ್ಟಿತು.

ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ಒಂದನೇ ವಲಯವನ್ನೇ ನಕ್ಷೆಯಿಂದ ಕೈಬಿಟ್ಟು, ಲಾತೂರು ಪ್ರದೇಶವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು. ಆದುದರಿಂದ “ನಮ್ಮ ಭಾಗದಲ್ಲಿ ಭೂಕಂಪವಾಗುವುದಿಲ್ಲ” ಎಂಬ ಮಾತನ್ನು ಯಾವ ಸದಸ್ಯರೂ ಗ್ರಾಮಸಭೆಯಲ್ಲಿ ಖಚಿತವಾಗಿ ಹೇಳುವಂತಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿ ರಾತ್ರಿಗಳನ್ನು ಹೊರಗೆ ಕಳೆದರು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಅವರವರ ಮನೆಗಳೇ. ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ಜಂತಿ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ಮಾಳಿಗೆಗೆ ಮಣ್ಣು ಹಾಕುವ ವಾಡಿಕೆಯನ್ನು ನಾವೆಲ್ಲ ಬಲ್ಲೆವು. ವರ್ಷ ವರ್ಷವೂ ಹಾಕಿದ ಮಣ್ಣು ಅಡಿಗಟ್ಟಲೆ ದಪ್ಪವಾಗುತ್ತದೆ. ಬೇಸಿಗೆಯಲ್ಲಿ ಅದು ತಂಪು. ಆದರೆ ನೆಲ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲವು ಕಟ್ಟಡದ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಗೋಡೆ ದಪ್ಪವಾದಷ್ಟೂ ಭದ್ರವೆಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. ಅಂತಹ ಗೋಡೆ ವಾಸ್ತವದಲ್ಲಿ ಎರಡು ಗೋಡೆ: ಹೊರಮುಖಕ್ಕೊಂದು ಸಾಲು ಕಲ್ಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಅಲುಗಾಟಕ್ಕೆ ಈ ಎರಡು ಮುಖಗಳು ಬೇರ್ಪಟ್ಟು, ಗೋಡೆ ಹೊಟ್ಟೆ ಬಿಟ್ಟು ಕುಸಿಯುತ್ತದೆ.

ಅದೇ ಕಿಲ್ಲಾರಿ ಗ್ರಾಮದಲ್ಲಿ, ಸುತ್ತಲಿನ ಮನೆಗಳು ನೆಲಸಮವಾಗಿದ್ದರೂ, ಒಂದು ಕಟ್ಟಡ ಹೆಚ್ಚಿನ ಹಾನಿಯಿಲ್ಲದೆ ನಿಂತಿತ್ತು. ಅದೂ ಗಾರೆ ಕೆಲಸದ ಗೋಡೆಗಳದ್ದೇ. ಅದರಲ್ಲಿದ್ದ ವಿಶೇಷವೆಂದರೆ ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬಂದಿದ್ದ ಕಬ್ಬಿಣ ಕಾಂಕ್ರೀಟಿನ ಪಟ್ಟಿ. ಇದಕ್ಕೆ ಲಿಂಟಲ್ ಬ್ಯಾಂಡ್ ಎನ್ನುತ್ತಾರೆ. ಹೊರೆ ಹೊರುವವರು ನಡುಕಟ್ಟು ಕಟ್ಟಿಕೊಳ್ಳುವಂತೆ, ಇದು ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ.

ನಮ್ಮ ಗೌಂಡಿಗಳು ಸಾಮಾನ್ಯವಾಗಿ ಬಾಗಿಲು ಕಿಟಕಿಯ ಮೇಲಷ್ಟೇ ಲಿಂಟಲ್ ಹಾಕಿ ಬಿಡುತ್ತಾರೆ. ಅದು ಪಟ್ಟಿಯಲ್ಲ, ಬರೀ ತುಂಡು. ಪಟ್ಟಿಯು ಅಡ್ಡಗೋಡೆಯೂ ಸೇರಿದಂತೆ ಎಲ್ಲ ಗೋಡೆಗಳ ಮೇಲೆ ತಡೆಯಿಲ್ಲದೆ ಸಾಗಬೇಕು. ಮೂಲೆಯಲ್ಲಿ ಸರಳುಗಳನ್ನು ಕತ್ತರಿಸದೆ ಬಾಗಿಸಿ, ಒಂದರ ಮೇಲೊಂದು ಬರುವಂತೆ ಕಟ್ಟಬೇಕು. ಇಟ್ಟಿಗೆ ಗೋಡೆಯ ಸಣ್ಣ ಮನೆಗೆ ಕನಿಷ್ಠ 75 ಮಿ.ಮೀ. ದಪ್ಪ, 8 ಮಿ.ಮೀ.ನ ಎರಡು ಸರಳು, ಪ್ರತಿ 150 ಮಿ.ಮೀ.ಗೆ 6 ಮಿ.ಮೀ.ನ ಕೊಂಡಿ ಬೇಕು. ಲೆಕ್ಕ ಹಾಕೋಣ: ಒಟ್ಟು 25 ಮೀಟರ್ ಉದ್ದದ ಒಂಬತ್ತು ಇಂಚಿನ ಗೋಡೆಗಳಿರುವ ಮನೆಗೆ ಸುಮಾರು 30 ಕೆ.ಜಿ. ಕಬ್ಬಿಣ ಮತ್ತು ಅರ್ಧ ಘನ ಮೀಟರಿಗೂ ಕಡಿಮೆ ಕಾಂಕ್ರೀಟು ಸಾಕು. ಮುಂಬಾಗಿಲಿನ ಅಲಂಕಾರಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಮಾಡುವವರಿದ್ದಾರೆ.

ಕಲ್ಲಿನ ಗೋಡೆಯೇ ಆದಲ್ಲಿ ದಪ್ಪ 450 ಮಿ.ಮೀ. ಮೀರಬಾರದು, ಗುಂಡುಕಲ್ಲು ಬಳಸಬಾರದು. ಎರಡು ಮುಖಗಳನ್ನೂ ಬೆಸೆಯುವ ಆರಪಾರು ಅಡ್ಡಗಲ್ಲುಗಳು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಇರಬೇಕು. ಮಣ್ಣಿನ ಬದಲು ಒಂದಕ್ಕೆ ಆರರ ಸಿಮೆಂಟ್ ಗಾರೆ ಲೇಸು.

ಸದಸ್ಯರ ಪಾತ್ರ ಎಲ್ಲಿ ಬರುತ್ತದೆ? ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರಂತೆ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಅರ್ಜಿ ಬಂದಾಗ ನಿವೇಶನದ ಗಡಿಯನ್ನಷ್ಟೇ ನೋಡದೆ, ನಕ್ಷೆಯಲ್ಲಿ ಪಟ್ಟಿ ತೋರಿಸಿದೆಯೇ ಎಂದು ಕೇಳಬಹುದು. ವಸತಿ ಯೋಜನೆಗಳ ಮನೆಗಳಲ್ಲಂತೂ ಅವಕಾಶ ಇನ್ನೂ ಹೆಚ್ಚು: ಕಂತು ಬಿಡುಗಡೆಗೆ ತಳಪಾಯ, ಲಿಂಟಲ್, ಚಾವಣಿ ಎಂದು ಹಂತ ಹಂತವಾಗಿ ಛಾಯಾಚಿತ್ರ ತೆಗೆಯಲಾಗುತ್ತದೆ. ಲಿಂಟಲ್ ಹಂತದಲ್ಲಿ, ಕಾಂಕ್ರೀಟು ಸುರಿಯುವ ಮುನ್ನ, ಸರಳುಗಳು ಮೂಲೆ ತಿರುಗಿವೆಯೇ ಎಂದು ನೋಡಲು ಐದು ನಿಮಿಷ ಸಾಕು. ಗಿಲಾವು ಬಿದ್ದ ನಂತರ ಯಾವ ಎಂಜಿನಿಯರಿಗೂ ಅದು ಕಾಣದು. ಫಲಾನುಭವಿಗಳಿಗಿಂತ ಮೊದಲು ಊರಿನ ಗೌಂಡಿಗಳನ್ನು ಕರೆಸಿ ಈ ವಿಷಯ ತಿಳಿಸುವುದು ಹೆಚ್ಚು ಫಲಕಾರಿ. ಮನೆ ಕಟ್ಟುವವರು ಅವರೇ.

ಹಳೆಯ ಮನೆಗಳನ್ನು ಕೆಡವಬೇಕಿಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಸೋರದಂತೆ ಹಗುರವಾದ ಪದರ ಹಾಕುವುದು ಮೊದಲ ಕೆಲಸ. ನಂತರ ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ಮಾಡಿ, ಕೊಕ್ಕೆಯುಳ್ಳ ಸರಳಿಟ್ಟು ಕಾಂಕ್ರೀಟು ತುಂಬಿದರೆ ಅದು ಅಡ್ಡಗಲ್ಲಿನಂತೆಯೇ ಎರಡು ಮುಖಗಳನ್ನು ಹಿಡಿಯುತ್ತದೆ. ಇದನ್ನು ತಾಂತ್ರಿಕ ಸಿಬ್ಬಂದಿಯ ಸಲಹೆಯಿಲ್ಲದೆ ಮಾಡಿಸಕೂಡದು.

ಕಂಪನದ ಅನುಭವವಾದ ದಿನ, ಶಾಲೆ ಮತ್ತು ಅಂಗನವಾಡಿ ಕಟ್ಟಡಗಳಲ್ಲಿ ಹೊಸ ಬಿರುಕು ಕಂಡುಬಂದಿದ್ದರೆ, ಎಂಜಿನಿಯರ್ ಪರಿಶೀಲಿಸುವವರೆಗೆ ಮಕ್ಕಳನ್ನು ಒಳಗೆ ಕೂರಿಸದಂತೆ ಸದಸ್ಯರು ನೋಡಿಕೊಳ್ಳತಕ್ಕದ್ದು.