ಚೆನ್ನೈಯಲ್ಲಿ ಚೆನ್ನಾಗಿದ್ದ ಕಾರು ಮೂಡಿಗೆರೆಯಲ್ಲಿ ಯಾಕೆ ಏಳಲಿಲ್ಲ? ತಣ್ಣಗಿನ ಇಂಜಿನ್ನಿಗೆ ಪೆಟ್ರೋಲಿನ ಅಳತೆ

ಇವತ್ತಿನ ಮಾತನ್ನು ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ.

ನನ್ನ ಹತ್ರ ಒಂದು ಹಳೇ ಮಾರುತಿ ಎಸ್ಟೀಮ್ ಇದೆ. 1298 ಸಿಸಿ ಇಂಜಿನ್. ಅದರ ಕಾರ್ಬುರೇಟರ್ ತೆಗೆದು, ಇಂಜೆಕ್ಟರ್ ಕೂರಿಸಿ, ಸ್ಪೀಡ್ವಿನೋ ಅನ್ನೋ ಇಸಿಯು ಹಾಕಿದ್ದೀನಿ. ರಸ್ತೆಗೆ ಇಳಿಸೋ ಕಾರಲ್ಲ. ಕಂಪನಿ ಕೊಟ್ಟ ಇಂಜಿನ್ ವ್ಯವಸ್ಥೆ ಬದಲಿಸಿದ ಕಾರನ್ನು ಅನುಮತಿ ಇಲ್ಲದೆ ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಚೆನ್ನೈಯಲ್ಲಿ ಕೂತು ಟ್ಯೂನ್ ಮಾಡಿದೆ. ಸೆಲ್ಫ್ ಮುಟ್ಟಿದರೆ ಸಾಕು, ಸ್ಟಾರ್ಟ್. ಡಿಸೆಂಬರಿನಲ್ಲಿ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಓಡಿಸೋಣ ಅಂತ ಲಾರಿ ಮೇಲೆ ಹೇರಿಸಿ ಮೂಡಿಗೆರೆ ಕಡೆ ತಗೊಂಡು ಹೋದೆ.

ಬೆಳಿಗ್ಗೆ 13 ಡಿಗ್ರಿ. ಕಾರು ಒಂದೆರಡು ಸಲ ಕೆಮ್ಮಿತು, ಸುಮ್ಮನಾಯಿತು. ಸೈಲೆನ್ಸರಿನಲ್ಲಿದ್ದ ಆಕ್ಸಿಜನ್ ಮೀಟರ್ ‘ಲೀನ್’, ಅಂದರೆ ಪೆಟ್ರೋಲ್ ಕಮ್ಮಿ ಅಂತ ತೋರಿಸ್ತಿತ್ತು. ನಾನು ಪೆಟ್ರೋಲ್ ಹೆಚ್ಚಿಸಿದೆ. ಏಳಲಿಲ್ಲ. ಇನ್ನೂ ಹೆಚ್ಚಿಸಿದೆ. ಕೊನೆಗೆ ಬ್ಯಾಟರಿ ಇಳೀತು. ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಪೆಟ್ರೋಲಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿದ್ದವು.

ಮೀಟರ್ ಕಮ್ಮಿ ಅಂದಿದ್ದು, ಒಳಗೆ ಇದ್ದಿದ್ದು ವಿಪರೀತ ಜಾಸ್ತಿ. ಹೀಗೆ ಯಾಕಾಯ್ತು ಅನ್ನೋದು ಅರ್ಥವಾದರೆ ಇವತ್ತಿನ ವಿಷಯ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ತಣ್ಣಗಿನ ಇಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಯಾಕೆ?

ಸಿಲಿಂಡರಿನಲ್ಲಿ ಉರಿಯೋದು ದ್ರವರೂಪದ ಪೆಟ್ರೋಲ್ ಅಲ್ಲ, ಅದರ ಆವಿ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುತ್ತಾ? ಹಗ್ಗದ ಮೇಲೆ ಒದ್ದೆಯಾಗೇ ಇರುತ್ತೆ. ತಣ್ಣಗಿನ ಇಂಜಿನ್ನಿನಲ್ಲೂ ಹಾಗೇ. ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲಿನಲ್ಲಿ ಒಂದಷ್ಟು ಮಾತ್ರ ಆವಿಯಾಗುತ್ತೆ, ಉಳಿದದ್ದು ಮ್ಯಾನಿಫೋಲ್ಡ್ ಗೋಡೆಗೆ, ವಾಲ್ವಿನ ಬೆನ್ನಿಗೆ ಅಂಟಿ ಕೂರುತ್ತೆ. ಬೇಕಾದಷ್ಟು ಆವಿ ಸಿಗಲಿ ಅಂತ ನಾವು ಹೆಚ್ಚಿಗೆ ಸುರಿಯಬೇಕು. ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಚೋಕ್ ಎಳೀತಿದ್ದರಲ್ಲ, ಅದೂ ಇದಕ್ಕೇ.

ಈಗಿನ ಇ20 ಪೆಟ್ರೋಲಿನಲ್ಲಿ ಇದು ಇನ್ನಷ್ಟು ಮುಖ್ಯ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಜೊತೆಗೆ, 1 ಕೆಜಿ ಬರೀ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು. ಅದಕ್ಕೇ ನಾನು 14.7ರ ಲೆಕ್ಕ ಬಿಟ್ಟು ಲ್ಯಾಂಬ್ಡಾದಲ್ಲಿ ಓದ್ತೀನಿ. ಯಾವ ಇಂಧನವಾದರೂ 1.00 ಅಂದರೆ ಸರಿಸಮ, 1ಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ, ಅಂದರೆ ‘ರಿಚ್’.

ನಾಲ್ಕು ಸೆಟ್ಟಿಂಗ್, ನಾಲ್ಕು ಕೆಲಸ

ಒಂದು, ಕ್ರ್ಯಾಂಕಿಂಗ್: ಸೆಲ್ಫ್ ತಿರುಗುವಾಗ ಕೊಡೋ ಪೆಟ್ರೋಲ್.

ಎರಡು, ಆಫ್ಟರ್‌ಸ್ಟಾರ್ಟ್: ಇಂಜಿನ್ ಎದ್ದ ಮೇಲಿನ ಕೆಲವು ಸೆಕೆಂಡುಗಳಿಗೆ ಕೊಟ್ಟು, ನಿಧಾನಕ್ಕೆ ಇಳಿಸೋದು.

ಮೂರು, ವಾರ್ಮಪ್: ಕೂಲಂಟ್ ಬಿಸಿಯಾಗೋ ತನಕ ಡಿಗ್ರಿ ನೋಡಿ ಕೊಡೋದು. ಇಂಜಿನ್ ಪೂರ್ತಿ ಬಿಸಿಯಾದಾಗ ಇದು 100% ಆಗಿರಬೇಕು, ಅಂದರೆ ಹೆಚ್ಚುವರಿ ಏನೂ ಇಲ್ಲ.

ನಾಲ್ಕು, ಆಕ್ಸಿಲರೇಷನ್: ಕಾಲು ಒತ್ತಿದ ಕ್ಷಣ ಗಾಳಿ ಫಟ್ಟನೆ ಒಳಗೆ ಬರುತ್ತೆ, ಪೆಟ್ರೋಲ್ ಒಂದಷ್ಟು ಗೋಡೆಗೆ ಅಂಟುತ್ತೆ. ಆ ಕೊರತೆ ತುಂಬಲು ಒಂದು ಗುಟುಕು ಹೆಚ್ಚಿಗೆ.

ಇವು ಯಾವುವೂ ತಾವಾಗೇ ನಿಲ್ಲೋದಿಲ್ಲ. ಇಂಜಿನ್ ಓಡುವಾಗಿನ ಹೆಚ್ಚುವರಿಗಳೆಲ್ಲ ಬಿಸಿ ಇಂಜಿನ್ನಿನ ಮೂಲ ಟೇಬಲ್ ಮೇಲೆ ಕೂರುತ್ತವೆ. ಮೂಲ ಅಳತೆ 2 ಮಿಲಿಸೆಕೆಂಡ್, ವಾರ್ಮಪ್ 130% ಅಂದರೆ 2.6. ಮೂಲವೇ ತಪ್ಪಿದ್ದರೆ ಮೇಲಿನದ್ದೆಲ್ಲ ತಪ್ಪು. ತಳಪಾಯ ಸೊಟ್ಟಗಿದ್ದು ಗೋಡೆ ನೆಟ್ಟಗೆ ಕಟ್ಟೋಕಾಗುತ್ತಾ?

ಯಾವುದು ಮೊದಲು?

ಸ್ಟಾರ್ಟ್ ಆಗುವಾಗ ಮೊದಲು ಬರೋದು ಕ್ರ್ಯಾಂಕಿಂಗ್. ಆದರೆ ಟ್ಯೂನ್ ಮಾಡೋ ಕ್ರಮ ಬಹುಮಟ್ಟಿಗೆ ಉಲ್ಟಾ.

ಮೊದಲು ಸೆನ್ಸರ್ ಪರೀಕ್ಷೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟ್, ಒಳಬರೋ ಗಾಳಿ, ಹೊರಗಿನ ಥರ್ಮಾಮೀಟರ್, ಮೂರೂ ಹೆಚ್ಚುಕಮ್ಮಿ ಒಂದೇ ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಇಸಿಯು ಟೇಬಲಿನ ತಪ್ಪು ಸಾಲು ಓದ್ತಾ ಇರುತ್ತೆ, ನೀವು ಎಷ್ಟು ತಿದ್ದಿದರೂ ವ್ಯರ್ಥ.

ಆಮೇಲೆ ಇಂಜಿನ್ 80 ಡಿಗ್ರಿ ದಾಟಿದ ಮೇಲೆ ಮೂಲ ಟೇಬಲ್. ಆಗ ಆಕ್ಸಿಲರೇಷನ್ ಸೆಟ್ಟಿಂಗ್ ಆಫ್, ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತಾನೇ ತಿದ್ದಿಕೊಳ್ಳೋದೂ ಆಫ್. ಇಲ್ಲದಿದ್ದರೆ ಯಾರು ಯಾರ ತಪ್ಪು ಮುಚ್ಚುತ್ತಿದ್ದಾರೆ ಅಂತ ಗೊತ್ತೇ ಆಗಲ್ಲ. ಮೂಲ ಸರಿಯಾದ ಮೇಲೆ, ಇಂಜಿನ್ ಬಿಸಿ ಇರುವಾಗಲೇ ಆಕ್ಸಿಲರೇಷನ್ ನೋಡಿ.

ಇನ್ನು ತಣ್ಣಗಿನ ಕೆಲಸ. ಇಲ್ಲಿ ಬೇಕಾಗಿರೋದು ತಾಳ್ಮೆ, ಯಾಕಂದರೆ ಇಂಜಿನ್ ಪೂರ್ತಿ ತಣ್ಣಗಾಗೋದು ದಿನಕ್ಕೆ ಒಂದೇ ಸಲ. ಬೆಳಿಗ್ಗೆ ಒಂದು ಅವಕಾಶ, ಅಷ್ಟೇ. ಹಾಗಾಗಿ ಲಾಗ್ ಆನ್ ಮಾಡಿ, ಸ್ಟಾರ್ಟ್ ಮಾಡಿ, ಬಿಸಿಯಾಗೋ ತನಕ ಬಿಡಿ. ತಿದ್ದೋದು ಆಮೇಲೆ, ಕೂತು.

ಲೆಕ್ಕ ಸರಳ. 40 ಡಿಗ್ರಿಯಲ್ಲಿ ನಿಮಗೆ ಬೇಕಿದ್ದದ್ದು 0.90, ಲಾಗಿನಲ್ಲಿ ಬಂದದ್ದು 0.80, ಟೇಬಲಿನಲ್ಲಿ ಇದ್ದದ್ದು 130. ಆಗ 130 × 0.80 ÷ 0.90, ಅಂದರೆ ಸುಮಾರು 116. ಆ ಸಾಲು ಬರೆದಿಡಿ. ಮಾರನೇ ಬೆಳಿಗ್ಗೆ ಮತ್ತೆ ನೋಡಿ. ವಾರ್ಮಪ್ ಕೂತ ಮೇಲೆ ಆಫ್ಟರ್‌ಸ್ಟಾರ್ಟ್, ಕಟ್ಟಕಡೆಗೆ ಕ್ರ್ಯಾಂಕಿಂಗ್. ದಿನಕ್ಕೆ ಒಂದೇ ಬದಲಾವಣೆ.

ಮೀಟರ್ ಸುಳ್ಳು ಹೇಳಿತಾ?

ಇಲ್ಲ, ನಾನು ತಪ್ಪು ಓದಿದೆ. ಆ ಮೀಟರ್ ನೋಡೋದು ಪೆಟ್ರೋಲನ್ನಲ್ಲ, ಹೊಗೆಯಲ್ಲಿರೋ ಆಕ್ಸಿಜನ್ನನ್ನು. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾದರೆ ಕಿಡಿ ಹತ್ತಲ್ಲ. ಉರಿ ಇಲ್ಲದಿದ್ದರೆ ಆಕ್ಸಿಜನ್ ಖರ್ಚಾಗಲ್ಲ, ಹಾಗೇ ಹೊರಗೆ ಬರುತ್ತೆ. ಮೀಟರಿಗೆ ಅದು ‘ಲೀನ್’. ಇಂಜಿನ್ ಎದ್ದು ನೆಟ್ಟಗೆ ಉರಿಯೋ ತನಕ ಆ ಅಂಕೆಯನ್ನು ನಂಬಬೇಡಿ. ಆ ಹೊತ್ತಿನಲ್ಲಿ ಕಿವಿ, ಮೂಗು, ಪ್ಲಗ್ ಇವನ್ನೇ ನಂಬಬೇಕು. ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಒದ್ದೆ ಪ್ಲಗ್ ಅಂದರೆ ಜಾಸ್ತಿ. ಒಣಗಿದ ಪ್ಲಗ್, ಇನ್‌ಟೇಕ್ ಕಡೆಯಿಂದ ಪಟ್ ಅನ್ನೋ ಸದ್ದು ಅಂದರೆ ಕಮ್ಮಿ. ಅನುಮಾನ ಬಂದರೆ 5% ಇಳಿಸಿ ನೋಡಿ, ಏರಿಸಿ ಅಲ್ಲ.

ಇಂಜಿನ್ ಹೀಗೆ ತೊಯ್ದುಹೋದರೆ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೀರಿ. ಫ್ಲಡ್ ಕ್ಲಿಯರ್ ಸೆಟ್ಟಿಂಗ್ ಇದ್ದರೆ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತೆ. ಮೂಡಿಗೆರೆಯಲ್ಲಿ ಜಂಪರ್ ಕೇಬಲ್ ಹಾಕಿ ಹೀಗೇ ಎಬ್ಬಿಸಿದ್ದು.

‘ಸ್ವಲ್ಪ ಜಾಸ್ತಿ ಇದ್ದರೆ ಏನೀಗ’ ಅನ್ನಬೇಡಿ. ಹಸಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ಪೊರೆಯನ್ನು ತೊಳೆದುಹಾಕಿ, ಕೆಳಗಿಳಿದು ಇಂಜಿನ್ ಆಯಿಲ್ ತೆಳ್ಳಗೆ ಮಾಡುತ್ತೆ. ರಿಂಗ್ ಸವೆಯುತ್ತೆ. ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸಿ. ಮತ್ತೆ, ರಿಚ್ ಆಗಿ ಓಡೋ ಇಂಜಿನ್ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಿಡುತ್ತೆ. ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಖಂಡಿತ ಬೇಡ.

ಚೆನ್ನೈ, ಮುಂಬೈಯವರಿಗೆ ಒಂದು ಮಾತು

ನಮ್ಮೂರುಗಳಲ್ಲಿ ಟೇಬಲಿನ ಕೆಳಗಿನ ಸಾಲುಗಳಿಗೆ ಕೆಲಸವೇ ಇಲ್ಲ. ಚೆನ್ನೈಯ ಚಳಿಗಾಲದಲ್ಲೂ ಬೆಳಿಗ್ಗೆ 20 ಡಿಗ್ರಿ ಆಸುಪಾಸು. ನನ್ನ 10 ಡಿಗ್ರಿಯ ಸಾಲು ಯಾರೋ ಊಹೆಯಿಂದ ತುಂಬಿದ ಅಂಕೆ. ನಾನು ಒಂದು ದಿನವೂ ಅದನ್ನು ಪರೀಕ್ಷಿಸಿರಲಿಲ್ಲ. ಈಗ ಗೊತ್ತಿರೋ ಸಾಲುಗಳ ಏರಿಕೆಯನ್ನೇ ನುಣ್ಣಗೆ ಮುಂದಕ್ಕೆ ಎಳೆದು ತುಂಬಿದ್ದೀನಿ. ತಂಪಿನ ಊರಿಗೆ ಹೋದಾಗ ಲ್ಯಾಪ್‌ಟಾಪ್ ಜೊತೆಗಿರುತ್ತೆ, ಮೊದಲ ಬೆಳಗಿನ ಸ್ಟಾರ್ಟ್ ಲಾಗ್ ಆಗುತ್ತೆ. ಪುಣೆ, ದೆಹಲಿಯವರು ಅದೃಷ್ಟವಂತರು. ಜನವರಿಯಲ್ಲಿ ಆ ಸಾಲುಗಳನ್ನು ಮನೆ ಬಾಗಿಲಲ್ಲೇ ತಿದ್ದಬಹುದು.

ನಿಮ್ಮ ಟೇಬಲಿನಲ್ಲಿ ಇಂಜಿನ್ ಒಂದು ಸಲವೂ ಮುಟ್ಟದ ಸಾಲು ಯಾವುದು ಅಂತ ಇವತ್ತು ರಾತ್ರಿ ಗುರುತು ಹಾಕಿಡಿ. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯೋ ಮುಂಚೆ ಲಾಗ್ ಆನ್ ಮಾಡೋದು ಮರೀಬೇಡಿ.